ಬೇಸ್ ಜಿಗಿತ: ಪ್ಯಾರಾಚೂಟ್ ಮಡಚುವುದು ಹೇಗೆ? ಅಂಚಿಗೆ ನಿಲ್ಲುವ ಮುನ್ನ ಏನೇನು ನೋಡಬೇಕು?

ಸೇತುವೆ ಪಕ್ಕದ ಹುಲ್ಲಿನಲ್ಲಿ ಪ್ಯಾರಾಚೂಟ್ ಹರಡಿಕೊಂಡು ಮಡಚುವವರನ್ನು ಸ್ವಲ್ಪ ಹೊತ್ತು ನೋಡಿದರೆ ಸಾಕು. ಯಾರು ಗುರುವಿನ ಪಕ್ಕ ಕೂತು ಕಲಿತವರು, ಯಾರು ವಿಡಿಯೊ ನೋಡಿ ಬಂದವರು ಅಂತ ಗೊತ್ತಾಗಿಬಿಡುತ್ತದೆ. ವಿಡಿಯೊದವರ ಕಣ್ಣು ಬಟ್ಟೆಯ ಮೇಲಿರುತ್ತದೆ, ಮಡಿಕೆ ಚೆಂದ ಕಾಣಬೇಕು ಅವರಿಗೆ. ಕಲಿತವರ ಕಣ್ಣು ದಾರದ ಮೇಲಿರುತ್ತದೆ.

ಕಟ್ಟಡ, ಆಂಟೆನಾ ಗೋಪುರ, ಸೇತುವೆ, ಬಂಡೆ ಈ ನಾಲ್ಕರಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವುದೇ ಬೇಸ್. ಬೆನ್ನಿಗಿರುವುದು ಒಂದೇ ಪ್ಯಾರಾಚೂಟ್. ವಿಮಾನದಿಂದ ಜಿಗಿಯುವವರಿಗೆ ಇರುವಂತೆ ಇಲ್ಲಿ ಎರಡನೆಯದು ಇರುವುದಿಲ್ಲ. ಇದ್ದರೂ ಬಳಸಲು ಸಮಯ ಎಲ್ಲಿದೆ? ನಾರ್ವೆಯ ಶೆರಾಗ್ ಬಂಡೆಯ ಲೆಕ್ಕ ನೋಡಿ. 1995ರಿಂದ 2005ರವರೆಗೆ ಅಲ್ಲಿ 20,850 ಜಿಗಿತಗಳಾದವು, 9 ಜನ ಸತ್ತರು. ಅಂದರೆ ಸುಮಾರು 2,300 ಜಿಗಿತಕ್ಕೆ ಒಂದು ಸಾವು. ಈ ಕ್ರೀಡೆಗೆ ಈಗಿನ ರೂಪ ಕೊಟ್ಟ ಕಾರ್ಲ್ ಬೋನಿಶ್ ಕೂಡ 1984ರಲ್ಲಿ ನಾರ್ವೆಯ ಟ್ರೋಲ್‌ವೆಗ್ಗೆನ್ ಗೋಡೆಯಿಂದ ಜಿಗಿದೇ ಪ್ರಾಣ ಬಿಟ್ಟರು. ಇಷ್ಟು ಓದಿಯೂ ಆಸೆ ಉಳಿದಿದ್ದರೆ ಮುಂದೆ ಓದಿ.

ಹಂತ 1: ಮೊದಲು ವಿಮಾನದಿಂದ ಜಿಗಿಯಿರಿ

ಕಡಿಮೆ ಅಂದರೂ 200 ಸ್ಕೈಡೈವ್. 150 ಸಾಕು ಅನ್ನುವವರೂ ಇದ್ದಾರೆ, ಅವರ ಮಾತು ಬಿಡಿ. ಎಣಿಕೆಗಿಂತ ಮುಖ್ಯ, ಹೇಳಿದ ಜಾಗದಲ್ಲೇ ಇಳಿಯಲು ಬರಬೇಕು. ಗಾಳಿ ತುಂಬಿಕೊಳ್ಳುವ ಏಳು ಕೋಣೆಗಳ ದೊಡ್ಡ ಕ್ಯಾನೊಪಿ (ಪ್ಯಾರಾಚೂಟಿನ ಬಟ್ಟೆ) ಹಾಕಿಕೊಂಡು, ಬ್ರೇಕ್ (ಬಟ್ಟೆಯ ಹಿಂದಿನ ಅಂಚನ್ನು ಕೆಳಗೆಳೆಯುವ ದಾರ) ಎಳೆದು ನಿಧಾನವಾಗಿ ಇಳಿಯುವುದನ್ನು ಅಭ್ಯಾಸ ಮಾಡಿ. ಆಮೇಲೆ ಮೊದಲ ಜಿಗಿತದ ಕೋರ್ಸ್‌ಗೆ ಸೇರಿ. ಗೆಳೆಯನೊಬ್ಬ ಕಲಿಸುತ್ತಾನೆ, ದುಡ್ಡು ಉಳಿಯುತ್ತದೆ ಅನ್ನುವ ಅಡ್ಡದಾರಿ ಬೇಡವೇ ಬೇಡ. ಆ ಗೆಳೆಯನಿಗೆ ಯಾರು ಕಲಿಸಿದ್ದು ಅಂತ ಕೇಳಿ ನೋಡಿ, ಅಲ್ಲೂ ಒಬ್ಬ ಗೆಳೆಯನೇ ಇರುತ್ತಾನೆ.

ಹಂತ 2: ಸಾಮಾನು

ಬೇಸ್‌ಗಾಗಿಯೇ ಹೊಲಿದ ಕ್ಯಾನೊಪಿ ತೆಗೆದುಕೊಳ್ಳಿ. ಅದರ ಕೆಳಪದರದಲ್ಲೂ ಗಾಳಿ ಒಳನುಗ್ಗಲು ತೆರಪುಗಳಿರಲಿ. ಕಡಿಮೆ ಎತ್ತರದಲ್ಲಿ ಬೇಗ ಉಬ್ಬುವುದು ಅವುಗಳಿಂದಲೇ. ಹಳೆಯ ಸ್ಕೈಡೈವಿಂಗ್ ಚೀಲವನ್ನು ಬಿಚ್ಚಿ ಹೊಲಿದು ಬೇಸ್‌ಗೆ ಒಗ್ಗಿಸಿದ್ದೇನೆ ಅಂತ ಯಾರಾದರೂ ಕಡಿಮೆ ಬೆಲೆಗೆ ಕೊಡಲು ಬಂದರೆ ಕೈಮುಗಿದು ಕಳಿಸಿ. ಸೆಕೆಂಡ್ ಹ್ಯಾಂಡ್ ಕ್ಯಾನೊಪಿ ತಪ್ಪಲ್ಲ. ಆದರೆ ಎಷ್ಟು ಜಿಗಿತ ಆಗಿದೆ, ಎಷ್ಟು ಸಲ ನೀರಿಗೆ ಬಿದ್ದಿದೆ, ದಾರ ಯಾವಾಗ ಬದಲಾಯಿಸಿದ್ದು ಅಂತ ಹೇಳಲಾಗದವರಿಂದ ಕೊಳ್ಳಬೇಡಿ.

ಹೆಲ್ಮೆಟ್, ಮೊಣಕಾಲಿಗೆ ರಕ್ಷಾಕವಚ, ಕಣಕಾಲು ಮುಚ್ಚುವ ಬೂಟು ಇರಲೇಬೇಕು. ಬೂಟಿನ ಲೇಸ್ ಕೊಕ್ಕೆಗಳು ತೆರೆದಿದ್ದರೆ ಟೇಪ್ ಸುತ್ತಿ, ದಾರ ಸಿಕ್ಕಿಕೊಳ್ಳಬಾರದು. ಹೆಲ್ಮೆಟ್ ಮೇಲಿನ ಕ್ಯಾಮೆರಾ? ಅದು ದಾರ ಸಿಕ್ಕಿಕೊಳ್ಳಲು ಇನ್ನೊಂದು ಮೂಲೆ, ಅಷ್ಟೇ. ಮೊದಲ ವರ್ಷ ಮನೆಯಲ್ಲೇ ಬಿಟ್ಟು ಬನ್ನಿ. ಕ್ಯಾಮೆರಾ ಇದ್ದಾಗ ಮನುಷ್ಯ ಗಾಳಿ ಕೆಟ್ಟಿದ್ದರೂ ಜಿಗಿಯುತ್ತಾನೆ.

ಹಂತ 3: ಎತ್ತರಕ್ಕೆ ತಕ್ಕ ಜೋಡಣೆ

ಎಷ್ಟು ಸೆಕೆಂಡು ಬಿದ್ದ ಮೇಲೆ ತೆರೆಯುತ್ತೀರಿ ಅನ್ನುವುದರ ಮೇಲೆ ಎರಡು ವಿಷಯ ತೀರ್ಮಾನವಾಗುತ್ತವೆ.

ಒಂದು, ಪೈಲಟ್ ಚೂಟ್. ಕೈಯಿಂದ ಗಾಳಿಗೆ ಎಸೆಯುವ ಈ ಪುಟ್ಟ ಕೊಡೆಯೇ ದೊಡ್ಡ ಕ್ಯಾನೊಪಿಯನ್ನು ಹೊರಗೆಳೆಯುವುದು. ಎರಡೇ ಸೆಕೆಂಡು ಬಿದ್ದಾಗ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಇಷ್ಟು ಕಡಿಮೆ ಗಾಳಿಯಲ್ಲಿ ಚಿಕ್ಕ ಪೈಲಟ್ ಚೂಟ್‌ಗೆ ಎಳೆಯುವ ಬಲ ಸಾಲದು. ಹಾಗಾಗಿ 46ರಿಂದ 48 ಇಂಚು ಬಳಸುತ್ತಾರೆ. ಮೂರು ಸೆಕೆಂಡಿನ ಸುತ್ತಮುತ್ತ 42 ಇಂಚು. ದೊಡ್ಡ ಬಂಡೆಯಿಂದ ಪೂರ್ತಿ ವೇಗ ಬರುವವರೆಗೆ ಬೀಳುವುದಾದರೆ 32ರಿಂದ 38. ದೊಡ್ಡದಾದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಜೋರು ವೇಗದಲ್ಲಿ 48 ಇಂಚು ಬಿಟ್ಟರೆ ಅದು ಕ್ಯಾನೊಪಿಯ ನಡುವನ್ನು ಮಾತ್ರ ಕಿತ್ತು ಎಳೆಯುತ್ತದೆ. ಉಳಿದ ಬಟ್ಟೆ ಹಿಂದೆ ಉಳಿದು, ದಿಕ್ಕೇ ಕೆಡಬಹುದು.

ಎರಡು, ಸ್ಲೈಡರ್. ನಾಲ್ಕು ಮೂಲೆಗೆ ಬಳೆ ಇರುವ ಈ ಚೌಕ ಬಟ್ಟೆ ದಾರಗಳ ಮೇಲಿಂದ ಕೆಳಗೆ ಜಾರುತ್ತಾ ಕ್ಯಾನೊಪಿ ಏಕ್‌ದಂ ಬಿಚ್ಚಿಕೊಳ್ಳದಂತೆ ತಡೆಯುತ್ತದೆ. ವೇಗ ಜಾಸ್ತಿ ಇದ್ದಾಗ ಅದಿಲ್ಲದಿದ್ದರೆ ಬೆನ್ನು ಮುರಿಯುತ್ತದೆ. ವೇಗ ಕಡಿಮೆ ಇದ್ದಾಗ ಅದಿದ್ದರೆ ಕ್ಯಾನೊಪಿ ತೆರೆಯುವ ಮುಂಚೆ ನೆಲ ಬರುತ್ತದೆ. ನಾಲ್ಕು ಸೆಕೆಂಡಿಗಿಂತ ಕಡಿಮೆ ಬೀಳುವ ಜಿಗಿತಕ್ಕೆ ಸ್ಲೈಡರ್ ತೆಗೆದಿಡುವುದು ಅಥವಾ ಕೆಳಗೆ ಕಟ್ಟುವುದು ರೂಢಿ. ಅಮೆರಿಕದ ಐಡಾಹೊದಲ್ಲಿರುವ ಪೆರೈನ್ ಸೇತುವೆ ನೀರಿನಿಂದ 148 ಮೀಟರ್ ಎತ್ತರದಲ್ಲಿದೆ. ಮೂರು ಸೆಕೆಂಡು ಬಿದ್ದರೆ ಅದರಲ್ಲಿ 44 ಮೀಟರ್ ಹೋಯಿತು. ಬಿಚ್ಚಿಕೊಳ್ಳಲು ಕ್ಯಾನೊಪಿ ಇನ್ನಷ್ಟು ಎತ್ತರ ತಿನ್ನುತ್ತದೆ. ಅಂಥ ಕಡೆ ಸ್ಲೈಡರ್ ಮೇಲಿಟ್ಟು ಜಿಗಿಯಲು ಬಂದವರನ್ನು ಪಕ್ಕದವರು ತಡೆದದ್ದನ್ನು ನೋಡಿದ್ದೇನೆ.

ಹಂತ 4: ಮಡಚುವುದು

ಇಲ್ಲಿ ಅವಸರ ಬೇಡ. ಮೊದಲ ಕೆಲವು ಸಲ ಎರಡು ಗಂಟೆ ಹಿಡಿದರೂ ಪರವಾಗಿಲ್ಲ. ಫೋನ್ ಚೀಲಕ್ಕೆ ಹಾಕಿ. ಯಾರಾದರೂ ಮಾತಿಗೆಳೆದರೆ ಕೈ ನಿಲ್ಲಿಸಿ ಮಾತಾಡಿ, ಎರಡೂ ಒಟ್ಟಿಗೆ ಬೇಡ. ಗಾಳಿ ಬೀಸುವ ಜಾಗ ಬಿಡಿ, ಮುಳ್ಳು ಕಲ್ಲು ಇಲ್ಲದ ಕಡೆ ಹಾಸು ಹಾಸಿ.

ಹಾರ್ನೆಸ್ (ಮೈಗೆ ಬಿಗಿದುಕೊಳ್ಳುವ ಪಟ್ಟಿಗಳು) ಅನ್ನು ಒಂದು ತುದಿಗೆ ಕಟ್ಟಿ, ದಾರಗಳು ಬಿಗಿಯಾಗಿ ನಿಲ್ಲುವಂತೆ ಕ್ಯಾನೊಪಿ ಎಳೆಯಿರಿ. ಕೊಂಡಿಯಿಂದ ಶುರು ಮಾಡಿ ಒಂದೊಂದೇ ಗುಂಪಿನ ದಾರವನ್ನು ಬೆರಳಲ್ಲಿ ಹಿಡಿದು ಬಟ್ಟೆಯವರೆಗೂ ನಡೆಯಿರಿ. ಮುಂದಿನ ಗುಂಪಿನಿಂದ ಹಿಂದಿನ ಗುಂಪಿನವರೆಗೆ, ಎಡಕ್ಕೂ ಬಲಕ್ಕೂ. ಬ್ರೇಕ್ ದಾರ ಎಲ್ಲಕ್ಕಿಂತ ಹಿಂದೆ, ಹೊರಗೆ ಇರಬೇಕು. ಒಂದೇ ಒಂದು ದಾರ ಇನ್ನೊಂದನ್ನು ಸುತ್ತಿದ್ದರೂ ಅಲ್ಲೇ ನಿಂತು ಬಿಡಿಸಿ. ಆಮೇಲೆ ನೋಡೋಣ ಅಂತ ಮುಂದೆ ಹೋದ ಗಂಟು ಆಮೇಲೆ ಬಿಚ್ಚುವುದಿಲ್ಲ.

ಬ್ರೇಕ್ ದಾರವನ್ನು ಆಳವಾದ ಗುರುತಿಗೆ, ಅಂದರೆ ಹೆಚ್ಚು ಕೆಳಗೆಳೆದು ಹಿಡಿಯುವ ಗುರುತಿಗೆ ಸಿಕ್ಕಿಸಿ. ತೆರೆದ ಕೂಡಲೇ ಕ್ಯಾನೊಪಿ ಮುಂದಕ್ಕೆ ಓಡಬಾರದು, ಎದುರಿಗೆ ಗೋಡೆ ಇರಬಹುದಲ್ವಾ? ಸ್ಲೈಡರ್ ಇಲ್ಲದ ಜೋಡಣೆಯಲ್ಲಿ ಬ್ರೇಕ್ ದಾರ ರೈಸರ್ (ದಾರಗಳನ್ನು ಹಾರ್ನೆಸ್‌ಗೆ ಸೇರಿಸುವ ಪಟ್ಟಿ) ಮೇಲಿನ ಬಳೆಯೊಳಗೆ ಹೋಗಬಾರದು. ಅದಕ್ಕೆ ಕಾರಣ ಇದೆ. ಬಿಚ್ಚಿಕೊಳ್ಳುವಾಗ ಬ್ರೇಕ್ ದಾರವೊಂದು ಕ್ಯಾನೊಪಿಯ ಮೇಲೆ ಹಾದು ಬಟ್ಟೆಯನ್ನು ಕಟ್ಟಿಹಾಕುವುದಕ್ಕೆ ಲೈನ್‌ಓವರ್ ಅನ್ನುತ್ತಾರೆ. ಆಗ ಆ ಬದಿಯ ಟಾಗಲ್ (ಬ್ರೇಕ್ ದಾರದ ಹಿಡಿ) ಬಿಟ್ಟುಬಿಟ್ಟರೆ ದಾರ ಸರಾಗವಾಗಿ ಜಾರಿ ಹೊರಗೆ ಹೋಗಬೇಕು, ಕ್ಯಾನೊಪಿ ಬಿಡುಗಡೆಯಾಗಬೇಕು. ಬಳೆಯೊಳಗೆ ತೂರಿಸಿದ್ದರೆ ಅದು ಅಲ್ಲೇ ಸಿಕ್ಕಿ ನಿಲ್ಲುತ್ತದೆ.

ಲೈನ್‌ಓವರ್ ಬರದಂತೆ ತಡೆಯಲು ಟೈಲ್‌ಗೇಟ್ ಅನ್ನುವ ಪುಟ್ಟ ಪಟ್ಟಿ ಇದೆ. ಬಾಲದ (ಕ್ಯಾನೊಪಿಯ ಹಿಂದಿನ ಅಂಚಿನ) ಕಡೆಯ ಬ್ರೇಕ್ ದಾರಗಳನ್ನು ಒಟ್ಟಿಗೆ ಸೇರಿಸಿ ರಬ್ಬರ್ ಬ್ಯಾಂಡ್‌ನಲ್ಲಿ ಅದಕ್ಕೆ ಸಿಕ್ಕಿಸಬೇಕು. ಬಟ್ಟೆ ಉಬ್ಬುವ ಹೊತ್ತಿಗೆ ಅದೇ ಬಿಟ್ಟುಕೊಳ್ಳುತ್ತದೆ. ಸ್ಲೈಡರ್ ಇಲ್ಲದ ಜಿಗಿತದಲ್ಲಿ ಇದನ್ನು ಮರೆಯುವವರು ಜಾಸ್ತಿ, ಯಾಕೆಂದರೆ ಮಡಚಿ ಮುಗಿಸಿದ ಮೇಲೆ ಇದು ಕಾಣುವುದೇ ಇಲ್ಲ. ನಾನಂತೂ ಇದನ್ನು ಸಿಕ್ಕಿಸಿದ ಮೇಲೆ ಪಕ್ಕದವರನ್ನು ಕರೆದು ತೋರಿಸಿಯೇ ಮುಂದೆ ಹೋಗುವುದು. ರಬ್ಬರ್ ಬ್ಯಾಂಡ್ ಹೊಸದಿರಲಿ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟದ್ದನ್ನು ಇನ್ನೊಂದು ಜಿಗಿತ ನಡೆಯುತ್ತೆ ಅಂತ ಉಳಿಸುವ ಜಿಪುಣತನ ಯಾಕೋ ಅರ್ಥವಾಗುವುದಿಲ್ಲ.

ಈಗ ನೆರಿಗೆ. ಎರಡು ದಾರದ ಗುಂಪುಗಳ ನಡುವಿನ ಬಟ್ಟೆಯನ್ನು ಹೊರಕ್ಕೆ ಎಳೆದು, ಎಡಬಲ ಸಮವಾಗಿ, ದಾರಗಳೆಲ್ಲ ನಡುವಿಗೆ ಬರುವಂತೆ ಜೋಡಿಸಿ. ಮೂಗಿನ (ಗಾಳಿ ಒಳಹೋಗುವ ಮುಂದಿನ ಅಂಚಿನ) ಕಡೆ ಏಳೂ ಕೋಣೆಗಳ ಬಾಯಿ ಒಂದೇ ದಿಕ್ಕಿಗಿವೆಯಾ ಅಂತ ಎಣಿಸಿ. ಎಡಗಡೆ ಬಟ್ಟೆ ಸಡಿಲ, ಬಲಗಡೆ ಬಿಗಿ ಆದರೆ ಒಂದು ಬದಿ ಮೊದಲು ಗಾಳಿ ತುಂಬಿಕೊಳ್ಳುತ್ತದೆ. ಕ್ಯಾನೊಪಿ ಗಿರಕಿ ಹೊಡೆದು ಬಂಡೆಗೆ ಮುಖ ಮಾಡುವುದು ಹೀಗೂ ಆಗುತ್ತದೆ.

ಮಡಿಕೆ ಬಿಚ್ಚದಿರಲಿ ಅಂತ ಕ್ಲ್ಯಾಂಪ್ ಹಾಕುತ್ತೇವೆ. ಶುರು ಮಾಡುವ ಮುಂಚೆ ಎಷ್ಟು ಕ್ಲ್ಯಾಂಪ್ ಇವೆ ಅಂತ ಎಣಿಸಿಡಿ, ಚೀಲ ಮುಚ್ಚುವ ಮುಂಚೆ ಮತ್ತೆ ಎಣಿಸಿ. ಒಂದು ಕಡಿಮೆ ಬಂದರೆ ಅದು ಮಡಿಕೆಯೊಳಗೆ ಬಟ್ಟೆಯನ್ನು ಕಚ್ಚಿಕೊಂಡು ಕೂತಿದೆ ಅಂತಲೇ ಅರ್ಥ. ಹುಲ್ಲಲ್ಲಿ ಎಲ್ಲೋ ಬಿದ್ದಿರಬೇಕು ಅನ್ನುವುದು ಉತ್ತರವಲ್ಲ. ಸಿಗದಿದ್ದರೆ ಪೂರ್ತಿ ಬಿಚ್ಚಿ. ಕಪ್ಪು ಕ್ಲ್ಯಾಂಪ್ ಬೇಡ, ಕಣ್ಣಿಗೆ ಹೊಡೆಯುವ ಕೆಂಪೋ ಕಿತ್ತಳೆಯೋ ತೆಗೆದುಕೊಳ್ಳಿ.

ಉಳಿದ ದಾರವನ್ನು ಬಾಲದ ಜೇಬಿನೊಳಗೆ ಒಂದೇ ಅಳತೆಯ ಮಡಿಕೆಗಳಲ್ಲಿ ಸೇರಿಸಿ. ಕ್ಯಾನೊಪಿಯನ್ನು ಚೀಲದೊಳಗೆ ಎಡಬಲ ಜರುಗದಂತೆ ಇಡಿ. ಚೀಲದ ಕುಣಿಕೆಯನ್ನು ಹುರಿಯಿಂದ ಎಳೆದು, ಚೀಲ ಮುಚ್ಚಿ ಹಿಡಿಯುವ ಪಿನ್ ಅನ್ನು ಅದರೊಳಗೆ ಹಾಕಿ. ಹಾಕಿದ ಮೇಲೆ ಆ ಹುರಿಯನ್ನು ನಿಧಾನಕ್ಕೆ ಹೊರಗೆಳೆದು ಜೇಬಿಗೆ ಹಾಕಿಕೊಳ್ಳಿ. ರಭಸದಿಂದ ಎಳೆದರೆ ಉಜ್ಜಿ ಕುಣಿಕೆ ಸವೆಯುತ್ತದೆ. ತೆಗೆಯದೆ ಬಿಟ್ಟರೆ ಚೀಲವೇ ತೆರೆಯದಿರಬಹುದು.

ಹಂತ 5: ಅಂಚಿನಲ್ಲಿ

ಕಟ್ಟೆ ದಾಟುವ ಮುಂಚೆ, ಹಿಂದೆ ನಿಂತವರೊಬ್ಬರು ನಿಮ್ಮನ್ನು ಮುಟ್ಟಿ ನೋಡಬೇಕು. ಕಾಲಿನ ಪಟ್ಟಿ ಎರಡೂ ಬಿಗಿದಿವೆಯಾ? ಎದೆಯ ಪಟ್ಟಿ? ಪಿನ್ ನೆಟ್ಟಗಿದೆಯಾ? ಪೈಲಟ್ ಚೂಟ್‌ನ ಹಿಡಿ ಕೈಗೆ ಸಿಗುತ್ತದೆಯಾ? ಇವನ್ನೆಲ್ಲ ಬಹುತೇಕ ಎಲ್ಲರೂ ನೋಡುತ್ತಾರೆ. ಬ್ರೈಡಲ್ ಮಾತ್ರ ತಪ್ಪಿಹೋಗುತ್ತದೆ.

ಪೈಲಟ್ ಚೂಟ್‌ನಿಂದ ಪಿನ್‌ವರೆಗೆ ಹೋಗುವ ಉದ್ದ ಪಟ್ಟಿಯೇ ಬ್ರೈಡಲ್. ಚೀಲ ಹೆಗಲಿಗೇರಿಸುವಾಗ ಅದು ಕಾಲಿನ ಪಟ್ಟಿಯ ಕೆಳಗೆ ಸೇರಿಕೊಂಡಿದ್ದರೆ, ಪೈಲಟ್ ಚೂಟ್ ಎಳೆಯುವುದು ನಿಮ್ಮ ಹಾರ್ನೆಸ್ಸನ್ನು, ಪಿನ್ ಅನ್ನಲ್ಲ. ಒಮ್ಮೆ ಒಬ್ಬ ಹುಡುಗ ಕಟ್ಟೆಯ ಆಚೆ ನಿಂತು ಎಣಿಸಲು ಶುರು ಮಾಡಿದ್ದ. ಹಿಂದೆ ನಿಂತಿದ್ದ ಹೆಂಗಸು ಅವನ ಹಾರ್ನೆಸ್ ಹಿಡಿದು, "ಸ್ವಲ್ಪ ಇರಪ್ಪಾ" ಅಂದರು. ತೊಡೆಯ ಪಟ್ಟಿಯ ಅಡಿಯಿಂದ ಬ್ರೈಡಲ್ ಅನ್ನು ಎರಡು ಬೆರಳಲ್ಲಿ ಎಳೆದು ತೆಗೆದು ಅವನಿಗೆ ತೋರಿಸಿದರು. ಅವನು ವಾಪಸ್ ಈಚೆ ಬಂದು ಕೂತುಬಿಟ್ಟ. ಅವತ್ತು ಜಿಗಿಯಲಿಲ್ಲ.

ಅದಕ್ಕೇ ಹೇಳುವುದು, ಪಿನ್‌ನಿಂದ ಪೈಲಟ್ ಚೂಟ್‌ನ ಜೇಬಿನವರೆಗೆ ಬ್ರೈಡಲ್ ಮೇಲೆ ಬೆರಳಾಡಿಸಿ ನೋಡಿ. ಕಣ್ಣಲ್ಲಿ ನೋಡಿದರೆ ಸಾಲದು, ಮುಟ್ಟಿ.

ಗಾಳಿಯ ವಿಷಯ ಚಿಕ್ಕದು: ಅನುಮಾನ ಬಂದರೆ ಜಿಗಿಯಬೇಡಿ, ಅಷ್ಟೇ. ಅಂಚಿನಲ್ಲಿ ಗಾಳಿ ಇಲ್ಲದಿದ್ದರೂ ಕೆಳಗೆ ಇರಬಹುದು. ಇಳಿಯುವ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ ಕೇಳಿ.

ಹಂತ 6: ಜಿಗಿತ

ವಿಮಾನದಿಂದ ಹೊರಬಿದ್ದಾಗ ಎದುರು ಗಾಳಿ ಮೊದಲೇ ಇರುತ್ತದೆ, ಮೈಯನ್ನು ತಿದ್ದಿಕೊಳ್ಳಬಹುದು. ಇಲ್ಲಿ ಮೊದಲ ಒಂದೆರಡು ಸೆಕೆಂಡು ಹಿಡಿತಕ್ಕೆ ಗಾಳಿಯೇ ಇಲ್ಲ. ಅಂಚು ಬಿಟ್ಟಾಗ ಮೈ ಹೇಗಿತ್ತೋ ಹಾಗೇ ಬೀಳುತ್ತೀರಿ. ತಲೆ ಎತ್ತಿ, ದಿಗಂತ ನೋಡಿ, ಎದೆ ಮುಂದೆ ಮಾಡಿ ಹೆಜ್ಜೆಯಿಡಿ. ಕೆಳಗೆ ನೋಡಿದರೆ ತಲೆ ಕೆಳಗಾಗುತ್ತದೆ.

ಕ್ಯಾನೊಪಿ ಬಿಚ್ಚಿದ ಕ್ಷಣ ಕೈ ಹಿಂದಿನ ರೈಸರ್ ಮೇಲಿರಬೇಕು, ಟಾಗಲ್ ಮೇಲಲ್ಲ. ಬಂಡೆಗೆ ಮುಖ ಮಾಡಿ ತೆರೆದರೆ ಟಾಗಲ್ ಹುಡುಕಿ ಬಿಡಿಸುವಷ್ಟು ಹೊತ್ತು ಇರುವುದಿಲ್ಲ. ಇದನ್ನು ನೆಲದ ಮೇಲೆ ಹಾರ್ನೆಸ್‌ಗೆ ನೇತುಬಿದ್ದು ಅಭ್ಯಾಸ ಮಾಡಿ. ಗೆಳೆಯರು ಹಿಂದಿನಿಂದ ಇದ್ದಕ್ಕಿದ್ದಂತೆ "ಎಡ!", "ಬಲ!" ಅಂತ ಕೂಗಲಿ.

ಹಂತ 7: ಜಾಗ ಮತ್ತು ಜನ

ಪೆರೈನ್ ಸೇತುವೆಯಲ್ಲಿ ವರ್ಷವಿಡೀ ಅನುಮತಿ ಕೇಳದೆ ಜಿಗಿಯಬಹುದು. ಅಂಥ ಜಾಗಗಳು ಬಹಳ ಕಡಿಮೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ನ್ಯೂ ರಿವರ್ ಗಾರ್ಜ್ ಸೇತುವೆ 267 ಮೀಟರ್ ಎತ್ತರದ್ದು. ಅಲ್ಲಿ ಅಕ್ಟೋಬರ್ ಮೂರನೇ ಶನಿವಾರದ ಬ್ರಿಡ್ಜ್ ಡೇ ದಿನ ಮಾತ್ರ ಅವಕಾಶ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಉದ್ಯಾನದ ಎಲ್ ಕ್ಯಾಪಿಟನ್ ಬಂಡೆಯಲ್ಲಿ 1980ರಲ್ಲಿ ಕೆಲವೇ ವಾರ ಪರವಾನಗಿ ಕೊಟ್ಟು ನಿಲ್ಲಿಸಿದರು. ಜಿಗಿದವರು ನಿಯಮ ಪಾಲಿಸದಿದ್ದದ್ದೂ ಅದಕ್ಕೆ ಒಂದು ಕಾರಣ. ಟ್ರೋಲ್‌ವೆಗ್ಗೆನ್‌ನಲ್ಲಿ 1986ರಿಂದ ನಿಷೇಧವಿದೆ.

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಗೆ ಹೋಗುವವರು ಮೊದಲು ಲ್ಯಾಂಡಿಂಗ್ ಕಾರ್ಡ್ ಕೊಂಡುಕೊಳ್ಳಿ. ಆ ದುಡ್ಡಿನ ಪಾಲು ಇಳಿಯುವ ಹೊಲಗಳ ರೈತರಿಗೆ ಹೋಗುತ್ತದೆ. ಜಿಗಿಯುವ ಮುಂಚೆ ಹೆಲಿಕಾಪ್ಟರ್ ನೆಲೆಗೆ ಫೋನ್ ಮಾಡಿ, ಕಣಿವೆಯಲ್ಲಿ ಅವರ ಹಾರಾಟ ಇದೆಯಾ ಅಂತ ಕೇಳಿ. ಎತ್ತರಕ್ಕೆ ಬೆಳೆದ ಹುಲ್ಲಿನಲ್ಲಿ ಇಳಿಯಬೇಡಿ, ಅದು ದನದ ಮೇವು. ತುಳಿದ ಹುಲ್ಲು ಕೊಯ್ಯಲು ಬರುವುದಿಲ್ಲ. ಇಳಿದರೆ ಕ್ಯಾನೊಪಿಯನ್ನು ಅಲ್ಲೇ ಎಳೆದಾಡದೆ ಹೆಗಲಿಗೆ ಹಾಕಿಕೊಂಡು ಹತ್ತಿರದ ದಾರಿಗೆ ಬನ್ನಿ.

ಹೊಸ ಜಾಗಕ್ಕೆ ಹೋದಾಗ ಅಲ್ಲಿ ಮುಂಚೆಯಿಂದ ಜಿಗಿಯುವವರನ್ನು ಹುಡುಕಿ ಮಾತಾಡಿಸಿ. ಯಾವ ಮೂಲೆಯಿಂದ ಗಾಳಿ ತಿರುಗುತ್ತದೆ, ಯಾವ ತಂತಿ ಕಣ್ಣಿಗೆ ಕಾಣುವುದಿಲ್ಲ, ಯಾವ ಜಮೀನಿನವರ ಜೊತೆ ಜಗಳ ನಡೆದಿದೆ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಇವತ್ತು ಬೇಡ ಅಂದರೆ ಯಾಕೆ ಅಂತ ಕೇಳಿ, ವಾದ ಮಾಡಬೇಡಿ. ಜಾಗದ ಫೋಟೊ ಹಾಕುವ ಮುಂಚೆಯೂ ಅವರನ್ನೇ ಕೇಳಿ.

ಕೊನೆಗೆ ಕ್ಯಾನೊಪಿ. ನೀರಿಗೆ ಬಿದ್ದಿದ್ದರೆ ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಒಣಗಿಸಿ. ಉಪ್ಪುನೀರಾದರೆ ಮೊದಲು ಸಿಹಿನೀರಲ್ಲಿ ತೊಳೆಯಿರಿ. ಒಣಗಿದ ಮೇಲೆ ದಾರಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿ, ಸವೆದಿದ್ದರೆ ರಿಗ್ಗರ್‌ಗೆ (ಪ್ಯಾರಾಚೂಟ್ ದುರಸ್ತಿ ಮಾಡುವವರಿಗೆ) ಕೊಡಿ. ಪೈಲಟ್ ಚೂಟ್ ಒದ್ದೆ ಇದ್ದರೆ ಅವತ್ತಿನ ಎರಡನೇ ಜಿಗಿತ ರದ್ದು.