ಹಂಡೆ ಒಲೆ, ಅವರೆಕಾಯಿ, 200 ಯೂನಿಟ್: ಹಾಸನದ ಚಳಿಯಲ್ಲಿ ನಮ್ಮ ಮನೆ ಲೆಕ್ಕ

2025ರ ಜನವರಿ ಮೊದಲ ವಾರ ಬಂದ ಕರೆಂಟ್ ಬಿಲ್ಲನ್ನು ನಾನು ಇನ್ನೂ ಎತ್ತಿಟ್ಟಿದ್ದೇನೆ. 214 ಯೂನಿಟ್. ಕಟ್ಟಬೇಕಾದ ಹಣ 1,700 ರೂಪಾಯಿ ಹತ್ತಿರ. ಅದಕ್ಕೆ ಹಿಂದಿನ ಎಷ್ಟೋ ತಿಂಗಳು ನಮಗೆ ಬಂದಿದ್ದು ಸೊನ್ನೆ ಬಿಲ್.

ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ಉಚಿತ ಕೊಡುತ್ತಾರೆ. ನಮ್ಮದು 148 ಇತ್ತು, ಹಾಗಾಗಿ ಸುಮಾರು 163 ಯೂನಿಟ್‌ವರೆಗೆ ಏನೂ ಕಟ್ಟಬೇಕಿಲ್ಲ. ಅದರಿಂದ 200ರ ಒಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಇಡೀ ಬಿಲ್ ನಮ್ಮ ತಲೆ ಮೇಲೆ. ನಾವು ದಾಟಿದ್ದು ಬರೀ 14 ಯೂನಿಟ್. ಆ 14 ಯೂನಿಟ್‌ಗೆ 1,700.

ಅವತ್ತು ರಾತ್ರಿ ನಾನೂ ಯಜಮಾನರೂ ಅಡುಗೆಮನೆಯಲ್ಲಿ ಇದೇ ಮಾತಾಡಿದೆವು. ಅತ್ತೆ ನಡುಮನೆಯಲ್ಲಿ ಮಲಗಿದ್ದರು. ಮಂಡಿ ನೋವು ಜಾಸ್ತಿಯಾಗಿ ಆ ದೀಪಾವಳಿ ಆದಮೇಲೆ ಊರಿಂದ ನಮ್ಮ ಜೊತೆ ಬಂದಿದ್ದರು. ಮಾರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ನೀರಿನ ಸದ್ದು ಕೇಳಿತು. ಗೀಸರ್ ದೀಪ ಆರಿತ್ತು. ಅವರು ತಣ್ಣೀರಲ್ಲೇ ಸ್ನಾನ ಮಾಡಿ ಬಂದರು. ತುಟಿ ನೀಲಿ ತಿರುಗಿತ್ತು. "ನಂಗೇನು, ಅಭ್ಯಾಸ" ಅಂದರು. ಹಾಸನ 900 ಮೀಟರ್‌ಗೂ ಎತ್ತರದಲ್ಲಿರುವ ಊರು. ಡಿಸೆಂಬರ್, ಜನವರಿಯಲ್ಲಿ ಎಂಟು ಗಂಟೆಯಾದರೂ ಮಂಜು ಕರಗಲ್ಲ. ಆ ನೀರು ಹೇಗಿತ್ತು ಅಂತ ನನಗೆ ಗೊತ್ತು. ನನಗೆ ತುಂಬಾ ಸಂಕಟ ಆಯಿತು.

ಅವತ್ತೇ ಒಂದು ತೀರ್ಮಾನ ಮಾಡಿದೆ. ಖರ್ಚು ಇಳಿಸಬೇಕು, ಆದರೆ ಮನೆಯಲ್ಲಿ ಯಾರೂ ನಡುಗಬಾರದು. ಬಿಲ್ಲಿನ ಮಾತು ಅತ್ತೆ ಕಿವಿಗೆ ಬೀಳಬಾರದು.

ಮೊದಲು ಮಾಡಿದ ಕೆಲಸ ಮೀಟರ್ ಮುಂದೆ ನಿಂತಿದ್ದು. ನಮ್ಮ ಮೀಟರಲ್ಲಿ ಒಂದು ಚಿಕ್ಕ ಕೆಂಪು ದೀಪ ಇದೆ. ಅದು 3,200 ಸಲ ಮಿನುಗಿದರೆ ಒಂದು ಯೂನಿಟ್ ಅಂತ ಮೀಟರ್ ಮೇಲೇ ಬರೆದಿದ್ದಾರೆ. ಬೆಳಿಗ್ಗೆ ಫ್ರಿಜ್ಜು, ಒಂದೆರಡು ಬಲ್ಬು ಮಾತ್ರ ಇದ್ದಾಗ ಏಳೆಂಟು ಸೆಕೆಂಡಿಗೆ ಒಂದು ಸಲ ಮಿನುಗುತ್ತಿತ್ತು. ಮಗಳಿಗೆ ಗೀಸರ್ ಹಾಕು ಅಂದೆ. ತಕ್ಷಣ ಸೆಕೆಂಡಿಗೆ ಎರಡರ ಹಾಗೆ ಓಡತೊಡಗಿತು. ಎಣಿಸಲೂ ಆಗಲಿಲ್ಲ. ನಮ್ಮದು 25 ಲೀಟರಿನ, 2,000 ವಾಟ್ ಗೀಸರ್. ಆರು ಗಂಟೆಗೆ ಹಾಕಿದರೆ ಎಲ್ಲರ ಸ್ನಾನ ಮುಗಿಯುವ ಎಂಟೂವರೆವರೆಗೂ ಆರಿಸುತ್ತಲೇ ಇರಲಿಲ್ಲ. ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಮೀಟರ್ ಓದಿ ಬರೆದುಕೊಂಡೆ. ಒಂದು ಬೆಳಿಗ್ಗೆಗೆ 3.2 ಯೂನಿಟ್. ಸಂಜೆ ಅತ್ತೆಯ ಕಾಲಿಗೆ ಬಿಸಿನೀರು, ಪಾತ್ರೆಗೆ ಬಿಸಿನೀರು ಅಂತ ಇನ್ನೂ ಮುಕ್ಕಾಲು ಯೂನಿಟ್. ತಿಂಗಳಿಗೆ 110 ದಾಟಿತಲ್ವಾ! ಅರ್ಧ ಬಿಲ್ ಬಚ್ಚಲುಮನೆಯದೇ.

ಮಗ ಹೈಸ್ಕೂಲಲ್ಲಿ ಓದುತ್ತಾನೆ. ಅವನ ವಿಜ್ಞಾನದ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕಿಸಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಕಿಲೋಜೂಲ್ ಬೇಕು. ಒಂದು ಯೂನಿಟ್ ಅಂದರೆ 3,600 ಕಿಲೋಜೂಲ್. 20 ಲೀಟರಿನ ಒಂದು ಬಕೆಟ್ ನೀರನ್ನು 18 ಡಿಗ್ರಿಯಿಂದ 40ಕ್ಕೆ ತರಲು ಸುಮಾರು ಅರ್ಧ ಯೂನಿಟ್. ಐದು ಜನಕ್ಕೆ ಎರಡೂವರೆ ಸಾಕು. ಹಾಗಾದರೆ ಉಳಿದ ಮುಕ್ಕಾಲು ಯೂನಿಟ್ ಎಲ್ಲಿಗೆ ಹೋಯಿತು? ಎಲ್ಲರ ಸ್ನಾನ ಮುಗಿದ ಮೇಲೂ ಗೀಸರ್ ಒಳಗೆ ಒಂದು ತೊಟ್ಟಿ ನೀರು ಕಾದು ನಿಂತಿರುತ್ತಿತ್ತು. ಅದು ಸುಮ್ನೆ ಆರಿಹೋಗುತ್ತಿತ್ತು.

ಹಾಗಾಗಿ ಆ ಚಳಿಗಾಲ ಉಳಿದ ಒಂದೂವರೆ ತಿಂಗಳು ಮೂರು ಬದಲಾವಣೆ ಮಾಡಿದೆವು. ಒಬ್ಬರ ಹಿಂದೆ ಒಬ್ಬರು ಬೇಗ ಬೇಗ ಸ್ನಾನ ಮುಗಿಸುವುದು. ಕೊನೆಯವರು ಬಚ್ಚಲಿಗೆ ಹೋಗುವ ಮುಂಚೆಯೇ ಸ್ವಿಚ್ ಆರಿಸುವುದು, ಒಳಗಿರುವ ನೀರೇ ಅವರಿಗೆ ಸಾಕು. ಮೂರನೆಯದು ನನಗೆ ತಡವಾಗಿ ಹೊಳೆದಿದ್ದು. ತಾರಸಿ ಮೇಲಿನ ಕಪ್ಪು ಟ್ಯಾಂಕ್ ನೀರು ಬೆಳಿಗ್ಗೆ ಕೊರೆಯುತ್ತದೆ, ಸಂಜೆ ನಾಲ್ಕಕ್ಕೆ ಬಿಸಿಲು ಕುಡಿದು ಬೆಚ್ಚಗಿರುತ್ತದೆ. ಅದನ್ನು ಕಾಯಿಸಲು ಬೆಳಗಿನ ಅರ್ಧದಷ್ಟು ಕರೆಂಟ್ ಸಾಕು. ಮಗಳ ಸ್ನಾನವನ್ನು ಸ್ಕೂಲಿಂದ ಬಂದಮೇಲೆ ಇಟ್ಟೆವು. ಆಟ ಆಡಿ ಮಣ್ಣು ಮಾಡಿಕೊಂಡು ಬರುವ ಮಕ್ಕಳಿಗೆ ಅದೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಬಿಲ್ 200 ಯೂನಿಟ್ ಒಳಗೆ ಬಂತು. ಆದರೂ ನನಗೆ ಸಮಾಧಾನ ಇರಲಿಲ್ಲ.

ಗ್ಯಾಸ್ ಗೀಸರ್ ಹಾಕಿಸಿ, ಅಗ್ಗ ಬೀಳುತ್ತೆ ಅಂತ ಹೇಳಿದವರು ಇದ್ದರು. ನಾನು ಒಪ್ಪಲಿಲ್ಲ. ನಮ್ಮ ಬಚ್ಚಲಿನ ಕಿಟಕಿ ಗೇಣುದ್ದ. ಗಾಳಿ ಆಡದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿರುವವರಿಗೆ ತಲೆ ತಿರುಗಿ, ಬಾಗಿಲು ತೆರೆಯುವ ಶಕ್ತಿಯೂ ಇಲ್ಲದಂತಾಗುತ್ತದೆ. ಚಳಿ ಅಂತ ಮಲಗುವ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿಕೊಳ್ಳುವುದೂ ಅಷ್ಟೇ ಅಪಾಯ. ದಯವಿಟ್ಟು ದುಡ್ಡು ಉಳಿಸಲು ಈ ಎರಡು ಕೆಲಸ ಮಾಡಬೇಡಿ.

ದಾರಿ ತೋರಿಸಿದ್ದು ಅತ್ತೆಯೇ. ಊರ ಮನೆ ಅಟ್ಟದಲ್ಲಿ ಅವರ ತಾಮ್ರದ ಹಂಡೆ ಬಿದ್ದಿತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು ತಂದೆವು. ಹುಣಸೆಹಣ್ಣು ಹಚ್ಚಿ ಅತ್ತೆ ಅದನ್ನು ಅರ್ಧ ದಿನ ತಿಕ್ಕಿದರು. ಕರಿ ಹೋಗಿ ಒಂದೊಂದೇ ಅಂಗೈ ಅಗಲ ಕೆಂಪಗೆ ಹೊಳೆದು ಬರುವುದನ್ನು ನೋಡುತ್ತಾ ಮಗಳು ಪಕ್ಕದಿಂದ ಏಳಲೇ ಇಲ್ಲ. ಮನೆ ಓನರ್ ಕೇಳಿ ಹಿತ್ತಲಲ್ಲಿ, ಎರಡು ಕಡೆ ತೆರೆದ ಶೀಟಿನ ಕೆಳಗೆ ಇಟ್ಟಿಗೆ, ಮಣ್ಣಿನ ಒಲೆ ಹಾಕಿಸಿದೆವು. ಖರ್ಚು 900 ರೂಪಾಯಿ. ಉರಿಗೆ ತೆಂಗಿನ ಮಟ್ಟೆ, ಕರಟ, ಸಿಪ್ಪೆ. ಊರಲ್ಲಿ ತೋಟದ ಬದುವಿನಲ್ಲಿ ಕೊಳೆಯುತ್ತಿದ್ದುದನ್ನು ತಿಂಗಳಿಗೊಮ್ಮೆ ಮೂಟೆ ಕಟ್ಟಿ ತರುತ್ತೇವೆ.

ಮೊದಲ ವಾರ ಹೊಗೆಯ ಕಷ್ಟ ಆಯಿತು. ಹಸಿ ಮಟ್ಟೆ ಹಾಕಿದ್ದೇ ತಪ್ಪು. ಪಕ್ಕದ ಮನೆಯವರ ಒಣಗಿದ ಬಟ್ಟೆಗೆಲ್ಲ ವಾಸನೆ ಹಿಡಿಯಿತು. ಅವರ ಹತ್ತಿರ ಹೋಗಿ ತಪ್ಪಾಯಿತು ಅಂದು ಬಂದೆ. ಆಮೇಲೆ ಗಲಗಲ ಅನ್ನುವಷ್ಟು ಒಣಗಿದ್ದನ್ನು ಮಾತ್ರ ಹಾಕುವುದು, ಆರು ಗಂಟೆಯೊಳಗೆ ಉರಿ ಮುಗಿಸುವುದು ಅಂತ ಮಾಡಿಕೊಂಡೆವು. ಕರಟ ಉರಿಯುವುದು ಬೇಗ, ಸಿಪ್ಪೆ ಕೆಂಡವಾಗಿ ನಿಲ್ಲುವುದು ಜಾಸ್ತಿ ಹೊತ್ತು. ಮೊದಲು ಕರಟ, ಮೇಲೆ ಸಿಪ್ಪೆ. ಹಂಡೆಗೆ ಭಾರದ ಮುಚ್ಚಳ ಬೇಕೇ ಬೇಕು. ಆ ಕೆಂಡದ ಶಾಖಕ್ಕೆ ಸಂಜೆ ಅತ್ತೆಯ ಮಂಡಿಗೆ ಸುರಿಯಲೂ ನೀರು ಹದವಾಗಿ ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಮುಂದೆ ಕೂರುವುದು ಅವರಿಗೆ ಇಷ್ಟ. ಕಾಲು ಚಾಚಿ ಬೆಂಕಿ ಕಾಯಿಸಿಕೊಳ್ಳುತ್ತಾರೆ. ಈಗ ಬಿಸಿನೀರು ಕೇಳಲು ಅವರಿಗೆ ಸಂಕೋಚ ಇಲ್ಲ, ನೀರು ಕಾಯಿಸಿ ಎಲ್ಲರನ್ನೂ ಎಬ್ಬಿಸುವುದೇ ಅವರು.

2025ರ ಡಿಸೆಂಬರ್‌ನಲ್ಲಿ 151 ಯೂನಿಟ್, 2026ರ ಜನವರಿಯಲ್ಲಿ 158. ಎರಡೂ ಸೊನ್ನೆ ಬಿಲ್.

ಇನ್ನು ಅಡುಗೆಮನೆ. ಚಳಿಗಾಲದಲ್ಲಿ ಖರ್ಚು ಜಾಸ್ತಿ ಅಂತ ಎಲ್ಲರೂ ಅನ್ನುತ್ತಾರೆ. ನನ್ನ ಲೆಕ್ಕದ ಪುಸ್ತಕ ಬೇರೆ ಹೇಳುತ್ತದೆ. ವರ್ಷದ ಸಾಮಾನು ಕಡಿಮೆ ಬೆಲೆಗೆ, ಒಳ್ಳೆಯ ಗುಣದಲ್ಲಿ ಸಿಗುವುದೇ ಈಗ. ರಾಗಿ ಒಕ್ಕಣೆ ಆಗುತ್ತದೆ. ಕಲಬುರಗಿ ಕಡೆಯ ಹೊಸ ತೊಗರಿ ಪೇಟೆಗೆ ಬರುತ್ತದೆ. ಅವರೆ ಅಂತೂ ಬೀದಿ ಬೀದಿಯಲ್ಲಿ ರಾಶಿ.

ಅವರೆಕಾಯಿ ಡಿಸೆಂಬರ್ ಮೊದಲ ವಾರ ಬಾಯಿಗೆ ನೀರು ತರಿಸಿದರೂ ನಾನು ಕೈ ಹಾಕಲ್ಲ. ಆಗ ಕೆಜಿಗೆ 80-90 ಹೇಳುತ್ತಾರೆ. ಸಂಕ್ರಾಂತಿ ಹತ್ತಿರ ಬಂದಾಗ ನಮ್ಮ ಸಂತೆಯಲ್ಲಿ 40-45ಕ್ಕೆ ಸಿಕ್ಕಿತು. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ, ಹಾಗಾಗಿ ಕಾದಿದ್ದಕ್ಕೆ ರುಚಿಯೂ ಲಾಭ. ಭಾನುವಾರ ಜಗುಲಿಯ ಬಿಸಿಲಿಗೆ ಹಳೇ ಪೇಪರ್ ಹಾಸಿ ಎಲ್ಲರೂ ಸುಲಿಯಲು ಕೂರುತ್ತೇವೆ. ಕಾಯಿಯ ಅಂಟು ಬೆರಳಿಗೆ ಮೆತ್ತಿ ಸಂಜೆವರೆಗೂ ಕೈ ಘಮ ಅನ್ನುತ್ತದೆ. ತೂಗಿ ನೋಡಿದ್ದೇನೆ: ಎರಡು ಕೆಜಿ ಕಾಯಿಗೆ ಮುಕ್ಕಾಲು ಕೆಜಿ ಚಿಲ್ಲರೆ ಕಾಳು. ಸುಲಿದ ಕಾಳು ಕೊಂಡರೆ ಸುಲಿಗೂಲಿಯೂ ಸೇರಿ ದುಬಾರಿ. ಹಿತಕಿದ ಬೇಳೆಯಂತೂ ಇನ್ನೂ ಮೇಲೆ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಹಿತುಕಿದರೆ ಆಯಿತು. ಸಿಪ್ಪೆಯೆಲ್ಲ ಮೂಲೆ ಮನೆಯ ಹಸುವಿಗೆ. ಅವರು ಆಗಾಗ ಒಂದು ಚೆಂಬು ಮಜ್ಜಿಗೆ ಕೊಡುತ್ತಾರೆ.

ಬಲಿತ ಕಾಳನ್ನು ಒಣಗಿಸಿ ಇಟ್ಟರೆ ಬೇಸಿಗೆಯಲ್ಲಿ ತರಕಾರಿ ಬೆಲೆ ಏರಿದಾಗ ಕೈ ಹಿಡಿಯುತ್ತದೆ. ಹುರುಳಿಕಾಳಿನ ಬಸ್ಸಾರೂ ಹಾಗೇ. ಒಂದೇ ಸಲ ಬೇಯಿಸಿದ್ದರಲ್ಲಿ ಬಸಿದ ಕಟ್ಟು ಸಾರಿಗೆ, ಉಳಿದ ಕಾಳು ಪಲ್ಯಕ್ಕೆ. ಮೈ ಬೆಚ್ಚಗಾಗುತ್ತದೆ, ಗ್ಯಾಸೂ ಉಳಿಯುತ್ತದೆ. ಸಿಲಿಂಡರ್ 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಮೇಲೆ ಈ ತರಹದ ಅಡುಗೆ ವಾರಕ್ಕೆ ಎರಡು ಸಲ ಮಾಡುತ್ತೇನೆ. ಕುಡಿಯುವ ನೀರನ್ನು ಬೆಳಿಗ್ಗೆ ಒಮ್ಮೆ ಕಾಯಿಸಿ ಫ್ಲಾಸ್ಕಿಗೆ ತುಂಬುತ್ತೇನೆ. ಮುಂಚೆ ದಿನಕ್ಕೆ ಐದಾರು ಸಲ ಒಲೆ ಹಚ್ಚುತ್ತಿದ್ದೆ. ಚಳಿಗಾಲದಲ್ಲಿ 34 ದಿನ ಬರುತ್ತಿದ್ದ ಸಿಲಿಂಡರ್ ಈಗ 41 ದಿನ ಬಂತು.

ಚಳಿಗೆ ಮೊಸರು ಹೆಪ್ಪಾಗಲ್ಲ, ಹಿಟ್ಟು ಹುಳಿ ಬರಲ್ಲ ಅಂತ ಪ್ಯಾಕೆಟ್ ತರುವವರು ಬಹಳ ಜನ. ಮೊಸರಿನ ಪಾತ್ರೆಯನ್ನು ರಾಗಿ ಹಿಟ್ಟಿನ ಡಬ್ಬದೊಳಗೆ ಕೂರಿಸಿ ಮುಚ್ಚಿ. ದೋಸೆ ಹಿಟ್ಟನ್ನು ನಾನು ಹಂಡೆ ಒಲೆ ಪಕ್ಕ ಇಡುತ್ತೇನೆ. ಬೆಳಿಗ್ಗೆ ಉಕ್ಕಿರುತ್ತದೆ.

ರಾಗಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮನೆಗೆ ತಿಂಗಳಿಗೆ ಎಂಟು ಕೆಜಿ ಬೇಕು, ವರ್ಷಕ್ಕೆ ಒಂದು ಕ್ವಿಂಟಲ್. ಆ ಬಿಲ್ ಬಂದ ಚಳಿಗಾಲದಲ್ಲೇ ಊರಿನ ರೈತರೊಬ್ಬರಿಂದ ಮೊದಲ ಸಲ ಒಟ್ಟಿಗೆ ತೆಗೆದುಕೊಂಡೆ. ಆಗ, 2024-25ಕ್ಕೆ, ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ಇತ್ತು. ನಾನು 4,300 ಕೊಟ್ಟೆ. ಇನ್ನೂ ಕಡಿಮೆ ಕೇಳಬಹುದಿತ್ತು ಅಂತ ಮನೆಯಲ್ಲೇ ಅಂದರು. ಬೆಳೆದವರ ಹತ್ತಿರ ಚೌಕಾಸಿ ಮಾಡಿ ಉಳಿಸುವ ಕಾಸು ನನಗೆ ಬೇಡ. ಮಿಲ್ ಕೂಲಿ ಕೆಜಿಗೆ ಐದು ರೂಪಾಯಿ ಸೇರಿ 48 ಆಯಿತು. ಅಂಗಡಿಯ ಹಿಟ್ಟಿನ ಪ್ಯಾಕೆಟ್ಟಿಗೆ ನಾನು 65 ಕೊಡುತ್ತಿದ್ದೆ. ರಾಗಿ ಬೇಗ ಕೆಡಲ್ಲ, ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಹಿಟ್ಟು ಮಾತ್ರ ತಿಂಗಳಿಗಾಗುವಷ್ಟೇ ಬೀಸಿಸಿ.

ತೊಗರಿಬೇಳೆಯಲ್ಲಿ ನಾನು ಪೆಟ್ಟು ತಿಂದೆ. ಅದೇ ವರ್ಷ ಹತ್ತು ಕೆಜಿ ತಂದು ಹಾಗೇ ಡ್ರಮ್ಮಿಗೆ ಸುರಿದೆ. ಏಪ್ರಿಲ್‌ನಲ್ಲಿ ಮುಚ್ಚಳ ತೆಗೆದರೆ ಹುಳ. ಮೂರು ಕೆಜಿ ದಾನ ಕೊಡಲೂ ಆಗದಂತೆ ಹಾಳಾಯಿತು. ಈ ಸಲ ಎರಡು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಒಣ ಬೇವಿನ ಸೊಪ್ಪು, ನಾಲ್ಕು ಒಣ ಮೆಣಸಿನಕಾಯಿ ಜೊತೆ ತುಂಬಿದ್ದೇನೆ. ಬಿಸಿ ಇರುವಾಗಲೇ ಮುಚ್ಚಿದರೆ ಬೆವರಿ ಮುಗ್ಗಲು ಬರುತ್ತದೆ, ಅದನ್ನು ಮರೆಯಬೇಡಿ.

ಇದಕ್ಕೆಲ್ಲ ಒಂದೇ ಸಲ ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ಜೂನ್‌ನಿಂದ ತಿಂಗಳಿಗೆ 1,200 ರೂಪಾಯಿ ಸಾಸಿವೆ ಡಬ್ಬಿಗೆ ಹಾಕುತ್ತೇನೆ. ನಿಜವಾಗಲೂ ಸಾಸಿವೆ ಡಬ್ಬಿಯೇ, ನನ್ನ ಅಮ್ಮನದು. ಡಿಸೆಂಬರ್ ಕೊನೆಗೆ 8,400 ಆಗುತ್ತದೆ. ರಾಗಿ, ಬೇಳೆ, ಸಂಕ್ರಾಂತಿಯ ಎಳ್ಳು-ಬೆಲ್ಲ, ಮಕ್ಕಳ ಸ್ವೆಟರ್ ಎಲ್ಲ ಅದರಲ್ಲೇ. ಸಂಬಳದ ದುಡ್ಡು ಮುಟ್ಟಲ್ಲ. ಎಳ್ಳು-ಬೆಲ್ಲಕ್ಕೆ ಕೊಬ್ಬರಿ, ಬೆಲ್ಲವನ್ನು ಹದಿನೈದು ದಿನ ಮುಂಚೆಯೇ ಹೆಚ್ಚಿ ಒಣಗಿಸುತ್ತೇವೆ. ಸ್ವೆಟರ್ ಒಂದು ಸೈಜ್ ದೊಡ್ಡದೇ ತಗೊಂಡು ಎರಡು ವರ್ಷ ಹಾಕಿಸುತ್ತೇನೆ. ಹಾಲು, ಅತ್ತೆಯ ಮಾತ್ರೆ, ಉಣ್ಣೆ ಕಾಲುಚೀಲ ಇವುಗಳಲ್ಲಿ ಒಂದು ರೂಪಾಯಿಯೂ ಕಡಿತ ಇಲ್ಲ.

ಮಗನಿಗೆ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಓದುತ್ತಾನೆ, ಆಗ ಒಲೆ ಹತ್ತಿಸಿರಲ್ಲ. ಪರೀಕ್ಷೆ ಮುಗಿಯುವವರೆಗೆ ಅವನಿಗೆ ಗೀಸರ್ ಹಾಕಿಕೊಳ್ಳಲು ಹೇಳಿದ್ದೇನೆ, ಹತ್ತು ನಿಮಿಷ. ಅಜ್ಜಿ ಒಪ್ಪಿಲ್ಲ. ನಾನು ಮೂರೂವರೆಗೇ ಎದ್ದು ಹಂಡೆ ಕಾಯಿಸುತ್ತೇನೆ ಅನ್ನುತ್ತಿದ್ದಾರೆ. ಇನ್ನೂ ಮಾತುಕತೆ ನಡೀತಿದೆ.