ಹೋಯ್ ಆನ್‌ನಲ್ಲಿ ಒಂದು ದಿನ: ಹಾಸನದ ಪ್ರವಾಸಿಗರಿಗೆ ಸುತ್ತಾಟ ಮತ್ತು ಅಡುಗೆ ಪಾಠ

ಹಾಸನದಿಂದ ವಿಯೆಟ್ನಾಂಗೆ ಹೊರಟವರು ಹೋಯ್ ಆನ್ ಪಟ್ಟಣಕ್ಕೆ ಪೂರ್ತಿ ಒಂದು ದಿನವನ್ನು ಮೀಸಲಿಡಬೇಕು. ವಿಮಾನದಲ್ಲಿ ದನಾಂಗ್‌ಗೆ ಹೋಗಿ, ಅಲ್ಲಿಂದ ಸುಮಾರು 30 ಕಿಲೋಮೀಟರ್ ರಸ್ತೆಯಲ್ಲಿ ಸಾಗಬೇಕು. 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆಯನ್ನೂ ಜಪಾನಿ ಸೇತುವೆಯನ್ನೂ ಬಿಸಿಲೇರುವ ಮೊದಲೇ ನಡೆದು ನೋಡುವುದು ಲೇಸು.

ಅಡುಗೆ ಪಾಠವನ್ನು ಮುಂಚಿತವಾಗಿಯೇ ಕಾಯ್ದಿರಿಸಿ, ಸಾಧ್ಯವಾದರೆ ಚಾ ಕ್ವೆ ಎಂಬ ಸೊಪ್ಪಿನ ತೋಟಗಳ ಊರಿನಿಂದ ಆರಂಭವಾಗುವುದನ್ನೇ ಆರಿಸಿ. ಸಸ್ಯಾಹಾರಿಗಳು 'ಚಾಯ್' ಎಂದು ಮೊದಲೇ ತಿಳಿಸಬೇಕು (ಅದು ಚಹಾ ಅಲ್ಲ, ಸಸ್ಯಾಹಾರ). ಏಕೆಂದರೆ ಬರಿಯ ತರಕಾರಿಯಂತೆ ಕಾಣುವ ಖಾದ್ಯಕ್ಕೂ ಮೀನಿನ ರಸವನ್ನು ಹಾಕುವ ರೂಢಿ ಅಲ್ಲಿದೆ. ನಮ್ಮ ಕೈಗೆ ಬೇಗ ಒಗ್ಗುವುದು ಬಾನ್ ಸೆಯೊ: ಅಕ್ಕಿ ಹಿಟ್ಟಿಗೆ ಅರಿಶಿನ ಬೆರೆಸಿ, ನೀರುದೋಸೆಯ ಹಿಟ್ಟಿನಂತೆ ತೆಳುವಾಗಿ ಕಲಸಿ, ಕಾದ ಎಣ್ಣೆಯ ಬಾಣಲೆಗೆ ಚುರ್ರೆನ್ನುವಂತೆ ಸುರಿದು, ಸೀಗಡಿ ಅಥವಾ ಅಣಬೆಯನ್ನೂ ಹೆಸರುಕಾಳಿನ ಮೊಳಕೆಯನ್ನೂ ಹರಡಿ, ಅಂಚು ಗರಿಗರಿಯಾದ ಮೇಲೆ ಮಡಿಚಬೇಕು. 'ಸೆಯೊ' ಎಂಬುದು ಆ ಸದ್ದಿನ ಹೆಸರೇ.

ಸಂಜೆ ಥು ಬೋನ್ ನದಿಯ ದಡದಲ್ಲಿ ಕಾಫಿ ಕುಡಿಯಿರಿ. ಹೆಚ್ಚಾಗಿ ರೋಬಸ್ಟಾ ಬೀಜದ್ದಾದ ಅದು ಸಕಲೇಶಪುರದ ಕಾಫಿಗೆ ಒಗ್ಗಿದ ನಾಲಿಗೆಗೂ ತುಸು ಕಹಿಯೆನಿಸೀತು. ಬೇಲೂರು, ಹಳೇಬೀಡುಗಳ ಕಲ್ಲಿನ ಕೆತ್ತನೆಯನ್ನು ಕಂಡವರು ಮರುದಿನ ಬಿಡುವಾದರೆ ಮಿ ಸೊನ್‌ನಲ್ಲಿ ಚಾಮ್ ಅರಸರು ಇಟ್ಟಿಗೆಯಲ್ಲಿ ಕಟ್ಟಿಸಿದ ಶಿವಾಲಯಗಳನ್ನೂ ನೋಡಬಹುದು.