ಗ್ರೀನ್ ಕಾರ್ಡ್ ಬರುವ ತನಕ ಕೋವಿ ಮುಟ್ಟಬಹುದಾ?

ನಾನು ಕೊಡಗಿನವಳು. ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಲೈಸೆನ್ಸ್ ಬೇಕಿಲ್ಲ, ವಿನಾಯಿತಿ ಇದೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ಅಪ್ಪ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತಿದ್ದರು. ಹೀಗೆ ಬೆಳೆದವಳು ಟೆಕ್ಸಾಸ್‌ನಲ್ಲಿ ಅಮೆರಿಕನ್ ಸಿಟಿಜನ್ ಒಬ್ಬರನ್ನು ಮದುವೆಯಾದೆ. ಅವರ ರೈಫಲ್ ಇನ್ನು ನನ್ನದೂ ಹೌದು ಅಂದುಕೊಂಡೆ. ಅಲ್ಲ.

ಇಲ್ಲಿ ಗಂಡ ಯಾರು ಅನ್ನೋದು ಲೆಕ್ಕಕ್ಕಿಲ್ಲ. ನೀವು ಯಾವ ವೀಸಾದಲ್ಲಿ ಒಳಗೆ ಬಂದಿರಿ ಅನ್ನೋದೇ ಮುಖ್ಯ. ಓದಲು ಬರುವವರ ಎಫ್-1, ಕೆಲಸಕ್ಕೆ ಬರುವವರ ಎಚ್-1ಬಿ, ಅವರ ಸಂಗಾತಿ-ಮಕ್ಕಳ ಎಚ್-4, ಮದುವೆಗೆಂದೇ ಕೊಡುವ ಕೆ-1, ಇವೆಲ್ಲ ತಾತ್ಕಾಲಿಕ ವೀಸಾಗಳು. ಇವುಗಳಲ್ಲಿ ಬಂದವರು ಕೋವಿ, ಗುಂಡು ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ನಾನು ಬಂದದ್ದು ಎಫ್-1ರಲ್ಲಿ. ಗ್ರೀನ್ ಕಾರ್ಡಿನ ಅರ್ಜಿ ಐ-485 ಹಾಕಿದ್ದೆ, ವರ್ಕ್ ಪರ್ಮಿಟ್ಟೂ ಕೈಗೆ ಬಂದಿತ್ತು. ಆದರೂ ಗ್ರೀನ್ ಕಾರ್ಡ್ ಮಂಜೂರಾಗುವ ತನಕ ಅದೇ ನಿಯಮ. ಊರಲ್ಲೇ ಮದುವೆಯಾಗಿ, ವಲಸೆ ವೀಸಾದಲ್ಲಿ ಬರುವವರ ಕಥೆ ಬೇರೆ. ಅವರು ವಿಮಾನ ನಿಲ್ದಾಣ ದಾಟುವಾಗಲೇ ಖಾಯಂ ನಿವಾಸಿಗಳು.

ತಾತ್ಕಾಲಿಕ ವೀಸಾದವರು ಕೋವಿ ಸಮೇತ ಸಿಕ್ಕಿಬಿದ್ದರೆ 15 ವರ್ಷದವರೆಗೆ ಜೈಲು, ಮೇಲೆ ಗಡೀಪಾರು. ಗುರಿ ಅಭ್ಯಾಸದ ರೇಂಜ್‌ನಲ್ಲಿ ಕೋವಿ ಬಾಡಿಗೆಗೆ ತೆಗೆದುಕೊಂಡರೂ ಅಷ್ಟೇ. ನನ್ನ ಮೈದುನ ಒಮ್ಮೆ ಕರೆದುಕೊಂಡು ಹೋಗಿದ್ದ, ಅಲ್ಲಿನ ಫಾರಂನಲ್ಲಿ ವೀಸಾ ಪ್ರಶ್ನೆ ನೋಡಿ ಸುಮ್ನೆ ಕಾಫಿ ಕುಡಿದು ಬಂದೆ. ಮನೆಯಲ್ಲಿ ಗಂಡನ ಕೋವಿ ಇರಬಹುದು, ಆದರೆ ಅದು ನಿಮ್ಮ ಕೈಗೆ ಸಿಗುವಂತೆ ಇರಬಾರದು. ನಾವು ತಿಜೋರಿ ತಂದೆವು. ಅದರ ನಂಬರ್ ಅವರೊಬ್ಬರಿಗೇ ಗೊತ್ತು. (ನನ್ನ ಒಡವೆ ಹಾಗಾಗಿ ಬೇರೆ ಕಡೆ!)

ಇದಕ್ಕೊಂದು ದಾರಿ ಇದೆ, ಅದು ಬೇಟೆಯ ಲೈಸೆನ್ಸ್. ಅಮೆರಿಕದ ಯಾವುದೇ ರಾಜ್ಯ ಕೊಟ್ಟ, ಅವಧಿ ಮುಗಿಯದ ಲೈಸೆನ್ಸ್ ನಿಮ್ಮ ಬಳಿ ಇದ್ದರೆ ತಾತ್ಕಾಲಿಕ ವೀಸಾದ ತಡೆ ಅನ್ವಯಿಸುವುದಿಲ್ಲ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮಾಡಬೇಕು. ದೊಡ್ಡವರು ಆನ್‌ಲೈನಲ್ಲೇ ಮುಗಿಸಬಹುದು. ಒಂದು ವಿಷಯ ಮರೆಯಬೇಡಿ: ಇಲ್ಲಿನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಸಾಯುತ್ತದೆ. ಕೈಲ್ ಪೊಳ್ದ್ ಬರುವುದು ಮೂರು ದಿನ ಬಿಟ್ಟು! ಹೊಸದು ಮಾಡಿಸದೆ ಹಬ್ಬಕ್ಕೆ ಕೋವಿ ಎತ್ತಿದರೆ ಅಪರಾಧ. ವೀಸಾ ಮುಗಿದು, ಅಕ್ರಮವಾಗಿ ಉಳಿದವರಿಗೆ ಈ ಲೈಸೆನ್ಸ್ ಏನೂ ಉಪಯೋಗಕ್ಕೆ ಬಾರದು. ಸಂದೇಹ ಇದ್ದರೆ ವಲಸೆ ಕಾನೂನೂ ಕೋವಿ ಕಾನೂನೂ ಗೊತ್ತಿರುವ ಲಾಯರನ್ನು ಕೇಳಿ. ಒಂದೇ ಗೊತ್ತಿರುವವರು ಅರ್ಧ ಉತ್ತರ ಕೊಡುತ್ತಾರೆ.

ನಿಮ್ಮ ದುಡ್ಡಲ್ಲಿ, ನಿಮಗಾಗಿ, ಗಂಡನ ಹೆಸರಲ್ಲಿ ಕೋವಿ ಕೊಳ್ಳುವ ಯೋಚನೆ ಬೇಡ. ಅಂಗಡಿಯಲ್ಲಿ ಕೋವಿ ಕೊಳ್ಳುವಾಗ ತುಂಬುವ ಫಾರಂ 4473ರಲ್ಲಿ ನಿಜವಾದ ಖರೀದಿದಾರ ಯಾರು ಅಂತಲೇ ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳುವುದೇ ಬೇರೆ ಅಪರಾಧ.

ಗ್ರೀನ್ ಕಾರ್ಡ್ ಮಂಜೂರಾದ ದಿನದಿಂದ ನೀವು ಖಾಯಂ ನಿವಾಸಿ, ತಾತ್ಕಾಲಿಕ ವೀಸಾದ ತಡೆ ಇಲ್ಲ. ಎರಡು ವರ್ಷದ ಷರತ್ತಿನ ಕಾರ್ಡ್ ಆದರೂ ಇದಕ್ಕೆ ಸಾಕು. ಇಲಿನಾಯ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಕೋವಿಗೆಂದೇ ಬೇರೆ ಗುರುತಿನ ಕಾರ್ಡೂ ಬೇಕು. ಅಂಗಡಿಗೆ ಹೋಗುವಾಗ ಗ್ರೀನ್ ಕಾರ್ಡ್, ಈಗಿನ ವಿಳಾಸ ಇರುವ ಡ್ರೈವಿಂಗ್ ಲೈಸೆನ್ಸ್ ಎರಡೂ ಇರಲಿ. ನಾನು ಮನೆ ಬದಲಿಸಿ ಲೈಸೆನ್ಸ್ ಬದಲಿಸಿರಲಿಲ್ಲ, ಅವತ್ತು ವಾಪಸ್ ಬಂದೆ.